ಸಮುದಾಯ ಕಾಲೇಜು: ವ್ಯಾಸಂಗ ಪೂರೈಸುವ ಅವಧಿಯ ಮಾಪನ

ಅಮೆರಿಕ ಸಂಯುಕ್ತ ಸಂಸ್ಥಾನದ ಸಮುದಾಯ ಕಾಲೇಜುಗಳಿಗೆ ಸೇರಿದ ವಿದ್ಯಾರ್ಥಿಗಳು ಸರ್ಟಿಫಿಕೇಟನ್ನೋ ಅಸೋಸಿಯೇಟ್ ಪದವಿಯನ್ನೋ ಕೈಗೆ ತೆಗೆದುಕೊಳ್ಳುವ ಹೊತ್ತಿಗೆ ಎಷ್ಟು ಕಾಲ ಕಳೆದಿರುತ್ತದೆ ಎಂಬುದನ್ನು ಲೆಕ್ಕಹಾಕುವ ಕ್ರಮ. ಶಿಕ್ಷಣ ಸಂಶೋಧನೆ, ಸಂಖ್ಯಾಶಾಸ್ತ್ರ, ಸರ್ಕಾರದ ನೀತಿ ಮೂರೂ ಸೇರುವ ಕ್ಷೇತ್ರವಿದು. ಅಸೋಸಿಯೇಟ್ ಪದವಿ ಕಾಗದದ ಮೇಲೆ ಎರಡು ವರ್ಷದ್ದು. ಸರ್ಟಿಫಿಕೇಟ್ ಕೋರ್ಸುಗಳು ಬಹುಪಾಲು ಒಂದು ವರ್ಷದವು ಅಥವಾ ಅದಕ್ಕೂ ಚಿಕ್ಕವು. ಆದರೆ ಓದಿನ ಜೊತೆಗೆ ದುಡಿಮೆ, ಸಂಸಾರ, ಮಕ್ಕಳ ಪಾಲನೆ ಎಲ್ಲವನ್ನೂ ಹೊತ್ತ ವಿದ್ಯಾರ್ಥಿಗಳೇ ಈ ಕಾಲೇಜುಗಳಲ್ಲಿ ಹೆಚ್ಚು. ಹಾಗಾಗಿ ನಿಗದಿತ ಅವಧಿಗೂ ನಿಜವಾಗಿ ಹಿಡಿಯುವ ಅವಧಿಗೂ ದೊಡ್ಡ ಅಂತರವಿದೆ. ಯಾರನ್ನು ಲೆಕ್ಕಕ್ಕೆ ಸೇರಿಸಿದೆವು, ಎಲ್ಲಿಂದ ಎಣಿಸಿದೆವು, ಎಷ್ಟು ವರ್ಷ ಕಾದು ನೋಡಿದೆವು ಎಂಬುದರ ಮೇಲೆ ಒಂದೇ ಕಾಲೇಜಿನ ಚಿತ್ರ ಪೂರ್ತಿ ಬದಲಾಗಬಲ್ಲದು. ಅನುದಾನ, ಕಾಲೇಜಿನ ಹೆಸರು, ವಿದ್ಯಾರ್ಥಿವೇತನದ ನಿಯಮ ಎಲ್ಲವೂ ಈ ಅಂಕಿಗಳನ್ನು ಆಧರಿಸುವುದರಿಂದ ಅಳತೆಯ ಕ್ರಮ ನ್ಯಾಯದ ಪ್ರಶ್ನೆಯೂ ಹೌದು.

ಹಿನ್ನೆಲೆ

ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾದ ಜೂನಿಯರ್ ಕಾಲೇಜು ಈಗಲೂ ನಡೆಯುತ್ತಿರುವ ಸಾರ್ವಜನಿಕ ಎರಡು ವರ್ಷದ ಕಾಲೇಜುಗಳಲ್ಲಿ ಅತ್ಯಂತ ಹಳೆಯದು. ಷಿಕಾಗೊ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಮತ್ತು ಜೋಲಿಯೆಟ್‌ನ ಶಾಲಾ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಇದರ ಹಿಂದಿದ್ದವರು. ವಿಶ್ವವಿದ್ಯಾಲಯದ ಮೊದಲೆರಡು ವರ್ಷದ ಪಾಠವನ್ನು ಊರಲ್ಲೇ ಕಲಿಸಿ, ಮುಂದೆ ವಿಶ್ವವಿದ್ಯಾಲಯಕ್ಕೆ ಕಳಿಸುವುದು ಮೂಲ ಉದ್ದೇಶವಾಗಿತ್ತು. ಎರಡನೇ ಮಹಾಯುದ್ಧದ ಬಳಿಕ ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗ 1947ರಲ್ಲಿ ಇಂಥ ಕಾಲೇಜುಗಳ ಜಾಲವನ್ನು ದೇಶಾದ್ಯಂತ ಹರಡಬೇಕೆಂದು ಹೇಳಿತು. ‘ಸಮುದಾಯ ಕಾಲೇಜು’ ಎಂಬ ಹೆಸರು ಜನಪ್ರಿಯವಾದದ್ದೂ ಆ ವರದಿಯಿಂದಲೇ. ಇಂದು ದೇಶದಲ್ಲಿ ಸುಮಾರು ಒಂದು ಸಾವಿರ ಸಮುದಾಯ ಕಾಲೇಜುಗಳಿವೆ. ಪ್ರವೇಶಕ್ಕೆ ಸಾಮಾನ್ಯವಾಗಿ ಅಂಕದ ಅಡ್ಡಿಯಿಲ್ಲ, ಶುಲ್ಕ ಕಡಿಮೆ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಅರೆಕಾಲಿಕರು.

ಬಹುಕಾಲ ಈ ಕಾಲೇಜುಗಳನ್ನು ಎಷ್ಟು ಜನ ಸೇರಿದರು ಎಂಬುದರಿಂದಲೇ ಅಳೆಯಲಾಗುತ್ತಿತ್ತು. ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂಬುದೇ ಧ್ಯೇಯವಾಗಿದ್ದಾಗ ಒಳಬಂದವರ ಸಂಖ್ಯೆಯೇ ಯಶಸ್ಸಿನ ಗುರುತು. ಎಷ್ಟು ಜನ ಪೂರೈಸಿದರು, ಎಷ್ಟು ವರ್ಷದಲ್ಲಿ ಪೂರೈಸಿದರು ಎಂಬ ಪ್ರಶ್ನೆಗಳು ಮುನ್ನೆಲೆಗೆ ಬಂದದ್ದು 1990ರ ನಂತರ. ಲ್ಯುಮಿನಾ ಫೌಂಡೇಶನ್ನಿನ ನೆರವಿನಿಂದ 2004ರಲ್ಲಿ ಶುರುವಾದ ‘ಅಚೀವಿಂಗ್ ದ ಡ್ರೀಮ್’ ಕಾರ್ಯಕ್ರಮ ಮತ್ತು 2009ರಲ್ಲಿ ಅಧ್ಯಕ್ಷ ಒಬಾಮ ದೇಶದ ಪದವೀಧರರ ಪ್ರಮಾಣವನ್ನು ಹೆಚ್ಚಿಸಲು ಕೊಟ್ಟ ಕರೆ ಈ ಪ್ರಶ್ನೆಗಳಿಗೆ ಇನ್ನಷ್ಟು ಬಲ ತಂದವು.

ಆರಂಭ, ಅಂತ್ಯ ಮತ್ತು ನಡುವಿನ ಕಾಲ

ಅವಧಿಯನ್ನು ಮೂರು ಬಗೆಯಲ್ಲಿ ಎಣಿಸಬಹುದು. ಸೇರಿದ ದಿನದಿಂದ ಪದವಿಯ ದಿನದವರೆಗೆ ಕ್ಯಾಲೆಂಡರಿನಲ್ಲಿ ಕಳೆದದ್ದು ಒಟ್ಟು ಕಾಲ. ಅದರಲ್ಲಿ ವಿದ್ಯಾರ್ಥಿಯ ಹೆಸರು ಹಾಜರಿ ಪುಸ್ತಕದಲ್ಲಿದ್ದ ಸೆಮಿಸ್ಟರುಗಳಷ್ಟೇ ದಾಖಲಾತಿ ಕಾಲ. ತೆಗೆದುಕೊಂಡ ಕ್ರೆಡಿಟ್‌ಗಳನ್ನು ಪೂರ್ಣಾವಧಿ ಓದಿಗೆ ಪರಿವರ್ತಿಸಿದರೆ ಸಿಗುವುದು ಪೂರ್ಣಾವಧಿಗೆ ಸಮನಾದ ಕಾಲ.

ಒಂದು ಕಾಲ್ಪನಿಕ ಉದಾಹರಣೆ ನೋಡಬಹುದು. ವಿದ್ಯಾರ್ಥಿನಿಯೊಬ್ಬಳು 2012ರ ಆಗಸ್ಟಿನಲ್ಲಿ ಸೇರಿ, ಎರಡು ಸೆಮಿಸ್ಟರ್ ತಲಾ 12 ಕ್ರೆಡಿಟ್ ಓದಿ, ಕೆಲಸಕ್ಕೆಂದು ಕಾಲೇಜು ಬಿಟ್ಟಳು. 2015ರ ಆಗಸ್ಟಿನಲ್ಲಿ ಮರಳಿ ಬಂದು ಸೆಮಿಸ್ಟರಿಗೆ 6 ಕ್ರೆಡಿಟ್‌ನಂತೆ ಆರು ಸೆಮಿಸ್ಟರ್ ಓದಿ, 2018ರ ಮೇ ತಿಂಗಳಲ್ಲಿ 60 ಕ್ರೆಡಿಟ್ ಪೂರೈಸಿ ಅಸೋಸಿಯೇಟ್ ಪದವಿ ಪಡೆದಳು. ಒಟ್ಟು ಕಾಲ ಐದು ವರ್ಷ ಒಂಬತ್ತು ತಿಂಗಳು. ದಾಖಲಾತಿ ಕಾಲ ಎಂಟು ಸೆಮಿಸ್ಟರ್, ಅಂದರೆ ನಾಲ್ಕು ಶೈಕ್ಷಣಿಕ ವರ್ಷ. ಸೆಮಿಸ್ಟರಿಗೆ 15 ಕ್ರೆಡಿಟ್ ಎಂದು ಹಿಡಿದರೆ ಪೂರ್ಣಾವಧಿಗೆ ಸಮನಾದ ಕಾಲ ಬರೀ ಎರಡು ವರ್ಷ. ಮೂರು ಉತ್ತರಗಳೂ ಸರಿ. ಮೊದಲನೆಯದು ಆಕೆಯ ಬದುಕಿನಲ್ಲಿ ಕಳೆದ ಕಾಲವನ್ನು ಹೇಳುತ್ತದೆ. ಕೊನೆಯದು ಅವಳು ಒಂದು ಕ್ರೆಡಿಟ್ಟನ್ನೂ ವ್ಯರ್ಥ ಮಾಡಲಿಲ್ಲ ಎಂಬುದನ್ನು ಹೇಳುತ್ತದೆ.

ಎಣಿಕೆ ಎಲ್ಲಿಂದ ಎಂಬುದೂ ಸುಲಭದ ತೀರ್ಮಾನವಲ್ಲ. ಹೈಸ್ಕೂಲಿನಲ್ಲಿದ್ದಾಗಲೇ ಕಾಲೇಜು ಕ್ರೆಡಿಟ್ ಗಳಿಸುವವರು ಈಗ ಬಹಳ ಮಂದಿ. ಹೈಸ್ಕೂಲ್ ಮುಗಿಸಿ ಕಾಲೇಜಿಗೆ ಬಂದಾಗ ಇವರೂ ಹೊಸಬರೆಂದೇ ಫೆಡರಲ್ ಅಂಕಿಅಂಶಗಳಲ್ಲಿ ಸೇರುತ್ತಾರೆ. ಕೈಯಲ್ಲಿ ಆಗಲೇ ಹತ್ತಾರು ಕ್ರೆಡಿಟ್ ಇರುವುದರಿಂದ ಇವರ ಅವಧಿ ಚಿಕ್ಕದಾಗಿ ಕಾಣುತ್ತದೆ. ಕೊನೆಯ ಬಿಂದುವಿನಲ್ಲೂ ಇಂಥದೇ ತೊಡಕಿದೆ. ಮೊದಲು ಸಿಕ್ಕ ಸರ್ಟಿಫಿಕೇಟಿಗೆ ಎಣಿಕೆ ನಿಲ್ಲಿಸಬೇಕೆ, ಅಥವಾ ಆಮೇಲಿನ ಅಸೋಸಿಯೇಟ್ ಪದವಿವರೆಗೆ ಮುಂದುವರಿಸಬೇಕೆ? ಬೇಕಾದ ಕ್ರೆಡಿಟ್ ಎಲ್ಲ ಮುಗಿಸಿಯೂ ಪದವಿಗೆ ಅರ್ಜಿಯನ್ನೇ ಹಾಕದವರಿದ್ದಾರೆ. ಪದವಿ ಪಡೆಯದೆ ನಾಲ್ಕು ವರ್ಷದ ವಿಶ್ವವಿದ್ಯಾಲಯಕ್ಕೆ ಹೋಗಿ, ಅಲ್ಲಿನ ಕ್ರೆಡಿಟ್‌ಗಳನ್ನು ಹಳೆಯ ಕಾಲೇಜಿಗೆ ಕಳಿಸಿ ಅಸೋಸಿಯೇಟ್ ಪದವಿ ಪಡೆಯುವ ‘ಹಿಮ್ಮುಖ ವರ್ಗಾವಣೆ’ಯೂ ಹಲವು ರಾಜ್ಯಗಳಲ್ಲಿದೆ. ಪ್ರತಿಯೊಂದಕ್ಕೂ ನಿಯಮವನ್ನು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಎರಡು ಕಾಲೇಜುಗಳ ಅಂಕಿಗಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ.

ಕಾನೂನಿನ ಅಳತೆಗೋಲು

1990ರಲ್ಲಿ ಬಂದ ‘ವಿದ್ಯಾರ್ಥಿಯ ತಿಳಿಯುವ ಹಕ್ಕು’ ಕಾಯಿದೆ ಕಾಲೇಜುಗಳು ತಮ್ಮ ಪದವಿ ಪೂರೈಕೆ ಪ್ರಮಾಣವನ್ನು ಬಹಿರಂಗಪಡಿಸಬೇಕೆಂದು ವಿಧಿಸಿತು. ಇದರ ಮುಖ್ಯ ಪ್ರತಿಪಾದಕರಲ್ಲೊಬ್ಬರಾದ ಸೆನೆಟರ್ ಬಿಲ್ ಬ್ರಾಡ್ಲಿ ಹಿಂದೆ ಹೆಸರಾಂತ ಬಾಸ್ಕೆಟ್‌ಬಾಲ್ ಆಟಗಾರರಾಗಿದ್ದವರು. ಕಾಲೇಜು ತಂಡಗಳಿಗಾಗಿ ಆಡುವ ಕ್ರೀಡಾಪಟುಗಳು ಓದು ಮುಗಿಸುತ್ತಿದ್ದಾರೆಯೇ ಎಂಬ ಕಳವಳ ಈ ಕಾಯಿದೆಯ ಹಿಂದಿತ್ತು. ಪೂರ್ಣಾವಧಿಗೆ ಸೇರುವ ಎಳೆಯ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಅಳತೆಗೋಲು ಹೀಗೆ ಸಮುದಾಯ ಕಾಲೇಜುಗಳ ಮೇಲೂ ಬಿತ್ತು.

ನಿಯಮದ ಪ್ರಕಾರ ಮೊದಲ ಸಲ ಕಾಲೇಜಿಗೆ ಬಂದ, ಪೂರ್ಣಾವಧಿ ಓದಿಗೆ ದಾಖಲಾದ, ಪದವಿ ಅಥವಾ ಸರ್ಟಿಫಿಕೇಟ್ ಬಯಸುವ ವಿದ್ಯಾರ್ಥಿಗಳನ್ನು ಒಂದು ಬ್ಯಾಚಾಗಿ ಹಿಡಿಯಲಾಗುತ್ತದೆ. ನಿಗದಿತ ಅವಧಿಯ ಒಂದೂವರೆ ಪಟ್ಟಿನೊಳಗೆ, ಅಂದರೆ ಎರಡು ವರ್ಷದ ಪದವಿಗೆ ಮೂರು ವರ್ಷದೊಳಗೆ, ಅವರಲ್ಲಿ ಎಷ್ಟು ಮಂದಿ ಅದೇ ಕಾಲೇಜಿನಲ್ಲಿ ಪೂರೈಸಿದರೆಂದು ನೋಡಲಾಗುತ್ತದೆ. ಮೃತರಾದವರು, ಶಾಶ್ವತ ಅಂಗವೈಕಲ್ಯಕ್ಕೆ ಒಳಗಾದವರು, ಸೇನೆಗೆ ಸೇರಿದವರು ಮೊದಲಾದ ಕೆಲವರನ್ನು ಬ್ಯಾಚಿನಿಂದ ಕೈಬಿಡಬಹುದು. ಮೊದಲ ಸೆಮಿಸ್ಟರಿನಲ್ಲಿ ಪೂರ್ಣಾವಧಿಯಾಗಿದ್ದು ಆಮೇಲೆ ಅರೆಕಾಲಿಕನಾದವನು ಮಾತ್ರ ಕೊನೆಯವರೆಗೂ ಪೂರ್ಣಾವಧಿ ಬ್ಯಾಚಿನಲ್ಲೇ ಉಳಿಯುತ್ತಾನೆ.

ಇಲ್ಲಿ ಮೂರು ಕೊರತೆಗಳು ಎದ್ದು ಕಾಣುತ್ತವೆ. ಮೊದಲಿಂದಲೇ ಅರೆಕಾಲಿಕರಾಗಿ ಬಂದವರು ಲೆಕ್ಕಕ್ಕೇ ಸಿಗುವುದಿಲ್ಲ. ಬೇರೆ ಕಾಲೇಜಿನಿಂದ ಬಂದವರೂ, ವರ್ಷಗಳ ಬಳಿಕ ಓದಿಗೆ ಮರಳಿದವರೂ ಹೊರಗೇ ಉಳಿಯುತ್ತಾರೆ. ಪದವಿ ಪಡೆಯದೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಿ ಹೋದವರನ್ನು ಬೇರೆ ಅಂಕಣದಲ್ಲಿ ತೋರಿಸಬಹುದೇ ಹೊರತು ಪೂರೈಸಿದವರ ಸಾಲಿಗೆ ಸೇರಿಸುವಂತಿಲ್ಲ. ವರ್ಗಾವಣೆಗೆ ಸಿದ್ಧಪಡಿಸುವುದು ಈ ಕಾಲೇಜುಗಳ ಹುಟ್ಟಿನ ಉದ್ದೇಶವೇ ಆಗಿದ್ದರೂ ಸ್ಥಿತಿ ಹೀಗಿದೆ. ಮೇಲಿನ ಉದಾಹರಣೆಯ ವಿದ್ಯಾರ್ಥಿನಿ 2012ರ ಬ್ಯಾಚಿನಲ್ಲಿದ್ದಾಳೆ. ಆದರೆ 2015ಕ್ಕೆ ಮೂರು ವರ್ಷ ಮುಗಿದದ್ದರಿಂದ ಈ ಲೆಕ್ಕದಲ್ಲಿ ಅವಳು ಪೂರೈಸದವಳು. 2018ರಲ್ಲಿ ಅವಳು ಪಡೆದ ಪದವಿ ಈ ಅಂಕಿಯನ್ನು ತಿದ್ದುವುದಿಲ್ಲ.

2008ರ ಉನ್ನತ ಶಿಕ್ಷಣ ಅವಕಾಶ ಕಾಯಿದೆ ಎರಡು ಪಟ್ಟು ಕಾಲದ ಅಂಕಿಯನ್ನೂ ಪ್ರಕಟಿಸುವಂತೆ ಮಾಡಿತು. ಎರಡು ವರ್ಷದ ಕಾಲೇಜುಗಳ ಯಶಸ್ಸನ್ನು ಹೇಗೆ ಅಳೆಯಬೇಕೆಂದು ಸಲಹೆ ಕೊಡಲು ಸಮಿತಿಯೊಂದನ್ನು ರಚಿಸಿದ್ದೂ ಅದೇ ಕಾಯಿದೆ. ಸಮಿತಿ 2011ರಲ್ಲಿ ವರದಿ ಸಲ್ಲಿಸಿ, ಅರೆಕಾಲಿಕರನ್ನೂ ವರ್ಗಾವಣೆಯಾದವರನ್ನೂ ಲೆಕ್ಕಕ್ಕೆ ತರಬೇಕೆಂದು ಹೇಳಿತು. 2015–16ರಿಂದ ಫೆಡರಲ್ ಸರ್ಕಾರ ‘ಔಟ್‌ಕಮ್ ಮೆಷರ್ಸ್’ ಎಂಬ ಹೊಸ ಸಮೀಕ್ಷೆ ಆರಂಭಿಸಿತು. ಇದರಲ್ಲಿ ಹೊಸಬರು ಮತ್ತು ಈ ಮೊದಲೇ ಬೇರೆಡೆ ಓದಿ ಬಂದವರು, ಪೂರ್ಣಾವಧಿಯವರು ಮತ್ತು ಅರೆಕಾಲಿಕರು ಎಂದು ನಾಲ್ಕು ಗುಂಪು. ಪ್ರತಿ ಗುಂಪಿನ ಸ್ಥಿತಿಯನ್ನು ನಾಲ್ಕು, ಆರು ಮತ್ತು ಎಂಟು ವರ್ಷದ ಕೊನೆಗೆ ದಾಖಲಿಸುತ್ತಾರೆ. ನಮ್ಮ ವಿದ್ಯಾರ್ಥಿನಿ ಆರು ವರ್ಷದ ಅಂಕಣದಲ್ಲಿ ಪೂರೈಸಿದವಳಾಗಿ ಕಾಣಿಸಿಕೊಳ್ಳುತ್ತಾಳೆ.

ದತ್ತಾಂಶದ ಮೂಲಗಳು

ಫೆಡರಲ್ ಶಿಕ್ಷಣ ಅಂಕಿಅಂಶ ಕೇಂದ್ರ ನಡೆಸುವ ‘ಐಪೆಡ್ಸ್’ ವ್ಯವಸ್ಥೆಗೆ ಪ್ರತಿ ಕಾಲೇಜೂ ಒಟ್ಟು ಅಂಕಿಗಳನ್ನು ಕಳಿಸುತ್ತದೆ. ಅದರಲ್ಲಿ ವಿದ್ಯಾರ್ಥಿಗಳ ಎಣಿಕೆ ಮಾತ್ರವಿದ್ದು, ಒಬ್ಬೊಬ್ಬರ ದಾರಿ ಕಾಣುವುದಿಲ್ಲ. ಒಂದು ಕಾಲೇಜು ಬಿಟ್ಟವರು ಇನ್ನೊಂದರಲ್ಲಿ ಓದುತ್ತಿದ್ದಾರೆಯೇ ಎಂಬುದು ಇದರಿಂದ ತಿಳಿಯದು. ವಿದ್ಯಾರ್ಥಿವಾರು ದಾಖಲೆಯನ್ನು ಫೆಡರಲ್ ಸರ್ಕಾರವೇ ಇಡಬೇಕೆಂಬ ವಾದಕ್ಕೆ ಖಾಸಗಿತನದ ಆತಂಕ ಎದುರಾಯಿತು. 2008ರ ಕಾಯಿದೆ ಅಂಥ ದತ್ತಕೋಶವನ್ನು ನಿಷೇಧಿಸಿತು.

ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತಿರುವುದು ‘ನ್ಯಾಷನಲ್ ಸ್ಟೂಡೆಂಟ್ ಕ್ಲಿಯರಿಂಗ್‌ಹೌಸ್’. ಶಿಕ್ಷಣ ಸಾಲ ಪಡೆದವರು ಇನ್ನೂ ಓದುತ್ತಿದ್ದಾರೆಯೇ ಎಂದು ಸಾಲ ಕೊಟ್ಟವರಿಗೆ ತಿಳಿಸಲು 1993ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆಯಿದು. ದೇಶದ ಬಹುಪಾಲು ಕಾಲೇಜುಗಳು ದಾಖಲಾತಿಯ ವಿವರವನ್ನು ಇದಕ್ಕೆ ಕಳಿಸುವುದರಿಂದ ವಿದ್ಯಾರ್ಥಿ ಯಾವ ರಾಜ್ಯದ ಯಾವ ಕಾಲೇಜಿಗೆ ಹೋದರೂ ಜಾಡು ಸಿಗುತ್ತದೆ. ಅರೆಕಾಲಿಕರನ್ನೂ ಸೇರಿಸಿ, ದೇಶದ ಯಾವುದೇ ಕಾಲೇಜಿನಲ್ಲಿ ಪೂರೈಸಿದರೂ ಎಣಿಸಿ, ಆರು ವರ್ಷ ಕಾದು ನೋಡಿದಾಗ 2006ರಲ್ಲಿ ಸಾರ್ವಜನಿಕ ಎರಡು ವರ್ಷದ ಕಾಲೇಜು ಸೇರಿದವರಲ್ಲಿ ಶೇ. 36ರಷ್ಟು ಮಂದಿ ಯಾವುದಾದರೊಂದು ಪದವಿ ಅಥವಾ ಸರ್ಟಿಫಿಕೇಟ್ ಪಡೆದಿದ್ದರು. ಆ ಕಾಲದ ಮೂರು ವರ್ಷದ ಅಧಿಕೃತ ಅಂಕಿ ಐದರಲ್ಲೊಂದು ಪಾಲಿನ ಆಸುಪಾಸಿನಲ್ಲಿತ್ತು. ಈಚಿನ ಬ್ಯಾಚುಗಳಲ್ಲಿ ಆರು ವರ್ಷದ ಪ್ರಮಾಣ ಶೇ. 40ನ್ನು ದಾಟಿದೆ.

ಇದೇ ಸಂಸ್ಥೆ 2016ರಲ್ಲಿ ಪ್ರಕಟಿಸಿದ ಅಧ್ಯಯನ ಅವಧಿಯನ್ನೇ ನೇರವಾಗಿ ಅಳೆಯಿತು. 2014–15ರಲ್ಲಿ ಅಸೋಸಿಯೇಟ್ ಪದವಿ ಪಡೆದವರ ದಾಖಲಾತಿ ಕಾಲ ಸರಾಸರಿ 3.3 ಶೈಕ್ಷಣಿಕ ವರ್ಷ. ಒಟ್ಟು ಕಾಲ 5.6 ಕ್ಯಾಲೆಂಡರ್ ವರ್ಷ. ಬ್ಯಾಚುಲರ್ ಪದವಿಯವರಲ್ಲಿ ಇವೇ ಅಂಕಿಗಳು 5.1 ಮತ್ತು 5.7. ಅಂದರೆ ಎರಡು ವರ್ಷದ ಪದವಿಗೂ ನಾಲ್ಕು ವರ್ಷದ ಪದವಿಗೂ ಕ್ಯಾಲೆಂಡರಿನಲ್ಲಿ ಹೆಚ್ಚುಕಡಿಮೆ ಒಂದೇ ಕಾಲ ಹಿಡಿದಿತ್ತು. ಅಸೋಸಿಯೇಟ್ ಪದವಿಯವರು ಕಳೆದ ಕಾಲದ ದೊಡ್ಡ ಪಾಲು ತರಗತಿಯ ಹೊರಗೇ ಸಂದಿತ್ತು.

ಇವಲ್ಲದೆ, ಉನ್ನತ ಶಿಕ್ಷಣಕ್ಕೆ ಹೊಸದಾಗಿ ಬಂದವರ ಮಾದರಿಯೊಂದನ್ನು ಆರು ವರ್ಷ ಹಿಂಬಾಲಿಸಿ, ಅವರ ದುಡಿಮೆ, ಸಂಸಾರ, ಸಾಲಗಳ ಬಗ್ಗೆಯೂ ಕೇಳುವ ಫೆಡರಲ್ ಅಧ್ಯಯನಗಳಿವೆ. ಫ್ಲಾರಿಡ, ವಾಷಿಂಗ್ಟನ್ ಮೊದಲಾದ ರಾಜ್ಯಗಳು ತಮ್ಮದೇ ವಿದ್ಯಾರ್ಥಿವಾರು ದಾಖಲೆ ಇಟ್ಟಿವೆ. ಅಂಕಪಟ್ಟಿಗಳನ್ನೇ ಮೂಲವಾಗಿಟ್ಟುಕೊಂಡು ಕೆಲಸ ಮಾಡಿದ ಕ್ಲಿಫರ್ಡ್ ಅಡೆಲ್‌ಮನ್ 1999 ಮತ್ತು 2006ರ ತಮ್ಮ ಅಧ್ಯಯನಗಳಲ್ಲಿ, ನಡುವೆ ಬಿಡದೆ ಓದುವುದಕ್ಕೂ ಪದವಿ ಪೂರೈಸುವುದಕ್ಕೂ ಗಟ್ಟಿ ನಂಟಿದೆ ಎಂದು ತೋರಿಸಿದರು.

ಸರಾಸರಿಯ ತೊಡಕುಗಳು

ಎಷ್ಟು ವರ್ಷ ಹಿಡಿಯುತ್ತದೆ ಎಂದಾಗ ಸರಾಸರಿ ಹೇಳುವುದು ವಾಡಿಕೆ. ಆದರೆ ಪೂರೈಸಿದವರಿಗೆ ಮಾತ್ರ ಅವಧಿ ಇರುತ್ತದೆ, ಪೂರೈಸದವರಿಗೆ ಇರುವುದಿಲ್ಲ. ನೂರು ಮಂದಿಯ ಒಂದು ಬ್ಯಾಚನ್ನು ಊಹಿಸಿಕೊಳ್ಳೋಣ. ಎರಡನೇ ವರ್ಷದ ಕೊನೆಗೆ 10, ಮೂರನೇ ವರ್ಷದಲ್ಲಿ 12, ನಾಲ್ಕರಲ್ಲಿ 8, ಐದರಲ್ಲಿ 6, ಆರರಲ್ಲಿ 4 ಮಂದಿ ಪೂರೈಸಿದರು. ಆರು ವರ್ಷ ಕಾದರೆ ಪೂರೈಸಿದವರು 40, ಅವರ ಸರಾಸರಿ ಅವಧಿ 3.55 ವರ್ಷ. ಮೂರೇ ವರ್ಷಕ್ಕೆ ಲೆಕ್ಕ ಮುಗಿಸಿದರೆ ಪೂರೈಸಿದವರು 22, ಸರಾಸರಿ 2.55 ವರ್ಷ. ಕಾಲೇಜು ಬದಲಾಗಿಲ್ಲ, ವಿದ್ಯಾರ್ಥಿಗಳೂ ಬದಲಾಗಿಲ್ಲ. ನೋಡುವವರು ಬೇಗ ಎದ್ದುಹೋದರು, ಅಷ್ಟೆ. ಪೂರೈಸಿದವರ ಮಧ್ಯಾಂಕ ಮೂರು ವರ್ಷ ಎಂದು ಹೇಳಬಹುದು. ಇಡೀ ಬ್ಯಾಚಿನ ಮಧ್ಯಾಂಕವನ್ನು ಕೇಳಿದರೆ ಉತ್ತರವೇ ಇಲ್ಲ; ಏಕೆಂದರೆ ಆರು ವರ್ಷದ ಬಳಿಕವೂ ಅರ್ಧಕ್ಕಿಂತ ಹೆಚ್ಚು ಮಂದಿ ಪೂರೈಸಿಲ್ಲ.

ಇನ್ನೊಂದು ತೊಡಕು ದಿಕ್ಕಿನದು. ಸೇರಿದ ಬ್ಯಾಚನ್ನು ಹಿಡಿದು ಮುಂದಕ್ಕೆ ನೋಡಬಹುದು. ಪದವಿ ಪಡೆದವರನ್ನು ಹಿಡಿದು ಹಿಂದಕ್ಕೂ ನೋಡಬಹುದು. ಹಿಂದಕ್ಕೆ ನೋಡುವ ಕ್ರಮದಲ್ಲಿ ಕಾಯುವ ಅಗತ್ಯವಿಲ್ಲ, ಹತ್ತು–ಹದಿನೈದು ವರ್ಷ ಹಿಡಿದವರೂ ಸಿಗುತ್ತಾರೆ. ಆದರೆ ಓದು ಬಿಟ್ಟವರು ಅದರಲ್ಲಿ ಇರುವುದೇ ಇಲ್ಲ. ಜೊತೆಗೆ ದಾಖಲಾತಿಯ ಏರಿಳಿತ ಈ ಸರಾಸರಿಯನ್ನು ಕದಲಿಸುತ್ತದೆ. 2008ರ ಆರ್ಥಿಕ ಹಿಂಜರಿತದ ಬಳಿಕ ಸಮುದಾಯ ಕಾಲೇಜುಗಳಿಗೆ ಜನ ನುಗ್ಗಿ ಬಂದರು. ಇಂಥ ದೊಡ್ಡ ಬ್ಯಾಚುಗಳಿಂದ ಮೊದಲು ಹೊರಬರುವವರು ಬೇಗ ಮುಗಿಸುವವರು. ಹಾಗಾಗಿ ಆ ವರ್ಷಗಳ ಪದವೀಧರರ ಸರಾಸರಿ ಅವಧಿ ತಗ್ಗುವ ಕಡೆಗೂ, ದಾಖಲಾತಿ ಇಳಿದ ನಂತರ ಏರುವ ಕಡೆಗೂ ವಾಲುತ್ತದೆ. ಬೋಧನೆಯಲ್ಲಿ ಏನೂ ಬದಲಾಗದಿದ್ದರೂ ಹೀಗಾಗಬಹುದು.

ಸಂಖ್ಯಾಶಾಸ್ತ್ರೀಯ ವಿಧಾನಗಳು

ಇನ್ನೂ ಮುಗಿಸದವರನ್ನು ಎಸೆಯದೆ ಲೆಕ್ಕದಲ್ಲಿ ಉಳಿಸಿಕೊಳ್ಳುವ ದಾರಿ ವೈದ್ಯಕೀಯ ಸಂಶೋಧನೆಯಿಂದ ಬಂತು. ಚಿಕಿತ್ಸೆಯ ಬಳಿಕ ರೋಗಿಗಳು ಎಷ್ಟು ಕಾಲ ಬದುಕುತ್ತಾರೆಂದು ಅಂದಾಜಿಸುವ ‘ಸರ್ವೈವಲ್ ವಿಶ್ಲೇಷಣೆ’ಯಲ್ಲಿ, ಅಧ್ಯಯನ ಮುಗಿಯುವಾಗ ಬದುಕಿರುವವರ ಮಾಹಿತಿಯೂ ಬಳಕೆಯಾಗುತ್ತದೆ. ಕಪ್ಲಾನ್ ಮತ್ತು ಮಯರ್ 1958ರಲ್ಲಿ, ಡೇವಿಡ್ ಕಾಕ್ಸ್ 1972ರಲ್ಲಿ ಇದಕ್ಕೆ ಮುಖ್ಯ ಸೂತ್ರಗಳನ್ನು ಕೊಟ್ಟರು. ಕಾಲೇಜಿನ ಕಾಲ ಸೆಮಿಸ್ಟರುಗಳಲ್ಲಿ ಸಾಗುವುದರಿಂದ ಜುಡಿತ್ ಸಿಂಗರ್ ಮತ್ತು ಜಾನ್ ವಿಲೆಟ್ 1990ರ ದಶಕದಲ್ಲಿ ಶಿಕ್ಷಣ ಸಂಶೋಧಕರಿಗೆ ಪರಿಚಯಿಸಿದ ಬಿಡಿಬಿಡಿ ಅವಧಿಯ ಮಾದರಿ ಇಲ್ಲಿ ಹೆಚ್ಚು ಬಳಕೆಯಲ್ಲಿದೆ. ಇಲ್ಲಿಯವರೆಗೆ ಮುಗಿಸದವರು ಈ ಸೆಮಿಸ್ಟರಿನಲ್ಲಿ ಮುಗಿಸುವ ಸಂಭವವೆಷ್ಟು ಎಂಬ ಪ್ರಶ್ನೆಯನ್ನು ಪ್ರತಿ ಸೆಮಿಸ್ಟರಿಗೂ ಕೇಳಿ, ಉತ್ತರಗಳನ್ನು ಜೋಡಿಸಿದರೆ ಪೂರೈಕೆಯ ಇಡೀ ನಕ್ಷೆ ದೊರೆಯುತ್ತದೆ.

ಕೊಲಂಬಿಯ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ 1996ರಲ್ಲಿ ಸ್ಥಾಪನೆಯಾದ ಸಮುದಾಯ ಕಾಲೇಜು ಸಂಶೋಧನಾ ಕೇಂದ್ರದವರು ಫ್ಲಾರಿಡದ ದಾಖಲೆಗಳ ಮೇಲೆ ಈ ಮಾದರಿಯನ್ನು ಬಳಸಿದರು. 20 ಕ್ರೆಡಿಟ್ ಮುಟ್ಟುವುದು, ಕೋರ್ಸಿನ ಅರ್ಧ ದಾಟುವುದು ಇಂಥ ಮೈಲಿಗಲ್ಲುಗಳು ಮುಂದೆ ಪದವಿ ಪೂರೈಸುವ ಸಂಭವವನ್ನು ಹೇಗೆ ಬದಲಿಸುತ್ತವೆ, ವಯಸ್ಸಿಗೆ ತಕ್ಕಂತೆ ಆ ಬದಲಾವಣೆ ಹೇಗೆ ಬೇರೆಯಾಗುತ್ತದೆ ಎಂಬುದನ್ನು ಅವರು ಪರಿಶೀಲಿಸಿದರು. ಕೊನೆಯ ಫಲಕ್ಕಾಗಿ ಆರು ವರ್ಷ ಕಾಯದೆ, ಮೊದಲ ವರ್ಷದ ಗತಿಯಿಂದಲೇ ಎಚ್ಚರಿಕೆ ಪಡೆಯುವ ಆರಂಭಿಕ ಸೂಚಕಗಳು ಇಂಥ ಸಂಶೋಧನೆಯ ಫಲ.

ಒಂದು ಎಚ್ಚರ ಮಾತ್ರ ಬೇಕು. ವರ್ಗವಾಗಿ ಹೋದವರನ್ನು ‘ಇನ್ನೂ ಮುಗಿಸದವರು’ ಎಂದು ಹಿಡಿದರೆ, ಅವರು ಉಳಿದಿದ್ದರೆ ಬೇರೆಯವರಂತೆಯೇ ಮುಗಿಸುತ್ತಿದ್ದರು ಎಂದು ಒಪ್ಪಿದಂತಾಗುತ್ತದೆ. ಅದು ನಿಜವಲ್ಲ. ಪದವಿ, ವರ್ಗಾವಣೆ, ಓದು ಬಿಡುವುದು ಒಂದಕ್ಕೊಂದು ಪೈಪೋಟಿಯ ಫಲಗಳು. ಒಂದು ಸಂಭವಿಸಿದರೆ ಇನ್ನೊಂದರ ಲೆಕ್ಕ ಬದಲಾಗುತ್ತದೆ. ಅವನ್ನು ಬೇರೆಬೇರೆಯಾಗಿ ಅಂದಾಜಿಸುವ ಮಾದರಿಗಳೇ ಇಲ್ಲಿ ಸೂಕ್ತ.

ವಿಳಂಬದ ಕಾರಣಗಳು

ಮೊದಲ ಕಾರಣ ಲೆಕ್ಕದಲ್ಲೇ ಇದೆ. ಫೆಡರಲ್ ನೆರವಿನ ನಿಯಮದಲ್ಲಿ ಸೆಮಿಸ್ಟರಿಗೆ 12 ಕ್ರೆಡಿಟ್ ಇದ್ದರೆ ಪೂರ್ಣಾವಧಿ. ಆದರೆ 60 ಕ್ರೆಡಿಟ್ ನಾಲ್ಕು ಸೆಮಿಸ್ಟರಿನಲ್ಲಿ ಮುಗಿಯಬೇಕಾದರೆ ತಲಾ 15 ಬೇಕು. 12ರಂತೆ ಓದುವವರು ಎಲ್ಲ ಪತ್ರಿಕೆಗಳಲ್ಲೂ ತೇರ್ಗಡೆಯಾದರೂ ಐದು ಸೆಮಿಸ್ಟರ್ ಹಿಡಿಯುತ್ತದೆ.

ಎರಡನೆಯದು ಪೂರ್ವಸಿದ್ಧತೆಯ ಕೋರ್ಸುಗಳು. ಪ್ರವೇಶದ ವೇಳೆ ಗಣಿತ ಅಥವಾ ಇಂಗ್ಲಿಷ್ ಪರೀಕ್ಷೆಯಲ್ಲಿ ಹಿಂದೆ ಬಿದ್ದವರನ್ನು ಪದವಿಗೆ ಲೆಕ್ಕವಾಗದ ತರಗತಿಗಳಿಗೆ ಕಳಿಸುತ್ತಿದ್ದರು. ಕೆಲವರಿಗೆ ಇಂಥ ಎರಡು ಮೂರು ಹಂತಗಳು. ಥಾಮಸ್ ಬೇಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೀಗೆ ಕಳಿಸಲ್ಪಟ್ಟವರಲ್ಲಿ ಅರ್ಧದಷ್ಟು ಮಂದಿಯೂ ಎಲ್ಲ ಹಂತಗಳನ್ನು ದಾಟುತ್ತಿರಲಿಲ್ಲ. ಹಲವರು ಆ ತರಗತಿಗೆ ಕಾಲಿಡುವ ಮುನ್ನವೇ ದೂರ ಸರಿಯುತ್ತಿದ್ದರು.

ಇದಲ್ಲದೆ ವರ್ಗಾವಣೆಯಲ್ಲಿ ಕ್ರೆಡಿಟ್ ನಷ್ಟ, ಕೋರ್ಸಿನ ನಡುವೆ ವಿಷಯ ಬದಲಾವಣೆ, ಬೇಕಾದ ಪತ್ರಿಕೆ ಆ ಸೆಮಿಸ್ಟರಿನಲ್ಲಿ ಸಿಗದಿರುವುದು, ನೂರಾರು ಆಯ್ಕೆಗಳ ನಡುವೆ ದಾರಿ ತೋರುವ ಸಲಹೆಗಾರರ ಕೊರತೆ ಎಲ್ಲವೂ ಸೇರುತ್ತವೆ. ಇವೆಲ್ಲದರ ತಳದಲ್ಲಿ ಹಣದ ಮುಗ್ಗಟ್ಟಿದೆ. ಕಡಿಮೆ ಆದಾಯದವರಿಗೆ ಸಿಗುವ ಪೆಲ್ ಗ್ರಾಂಟನ್ನು 2012ರಿಂದ ಹನ್ನೆರಡು ಪೂರ್ಣಾವಧಿ ಸೆಮಿಸ್ಟರಿಗೆ ಸಮನಾದ ಮಿತಿಗೆ ಇಳಿಸಲಾಯಿತು. ನಿಧಾನವಾಗಿ ಓದುವವರಿಗೆ ಕಾಲ ಮೀರಿದಷ್ಟೂ ಬಾಡಿಗೆ, ಓಡಾಟ, ಮಕ್ಕಳ ಖರ್ಚು ಬೆಳೆಯುತ್ತವೆ. ಪದವಿಯಿಂದ ಬರಬೇಕಾದ ಸಂಬಳ ಮುಂದೂಡಲ್ಪಡುತ್ತದೆ.

ಸುಧಾರಣೆಗಳು ಮತ್ತು ಅವುಗಳ ಮೌಲ್ಯಮಾಪನ

ಫ್ಲಾರಿಡ 2013ರಲ್ಲಿ ಪೂರ್ವಸಿದ್ಧತೆಯ ತರಗತಿಗಳನ್ನು ಅನೇಕ ವಿದ್ಯಾರ್ಥಿಗಳಿಗೆ ಐಚ್ಛಿಕಗೊಳಿಸಿತು. ಕ್ಯಾಲಿಫೋರ್ನಿಯ 2017ರ ಎಬಿ 705 ಕಾಯಿದೆಯ ಮೂಲಕ, ಮೊದಲ ವರ್ಷದಲ್ಲೇ ಪದವಿ ಮಟ್ಟದ ಗಣಿತ ಮತ್ತು ಇಂಗ್ಲಿಷ್ ಮುಗಿಸುವ ಸಂಭವ ಹೆಚ್ಚಿಸುವಂತೆ ಕಾಲೇಜುಗಳಿಗೆ ವಿಧಿಸಿತು. ಹವಾಯಿ ವಿಶ್ವವಿದ್ಯಾಲಯ ಸೆಮಿಸ್ಟರಿಗೆ 15 ಕ್ರೆಡಿಟ್ ಓದಿರೆಂದು ಪ್ರಚಾರ ಕೈಗೊಂಡಿತು. ಚದುರಿದ ಆಯ್ಕೆಗಳ ಬದಲು ಸ್ಪಷ್ಟ ಪಠ್ಯಮಾರ್ಗ ರೂಪಿಸುವ ‘ಗೈಡೆಡ್ ಪಾತ್‌ವೇಸ್’ ಚಿಂತನೆ 2015ರಿಂದ ಹಲವು ರಾಜ್ಯಗಳಿಗೆ ಹಬ್ಬಿತು.

ಇವುಗಳಲ್ಲಿ ಅತ್ಯಂತ ಕಟ್ಟುನಿಟ್ಟಾಗಿ ಪರೀಕ್ಷೆಗೊಳಗಾದದ್ದು ನ್ಯೂಯಾರ್ಕ್ ನಗರದ ಸಿಟಿ ಯೂನಿವರ್ಸಿಟಿ 2007ರಲ್ಲಿ ಆರಂಭಿಸಿದ ‘ಅಸಾಪ್’ ಕಾರ್ಯಕ್ರಮ. ವಿದ್ಯಾರ್ಥಿ ಪೂರ್ಣಾವಧಿ ಓದಬೇಕು. ಪ್ರತಿಯಾಗಿ ಶುಲ್ಕದ ಕೊರತೆ ತುಂಬುವ ನೆರವು, ಪಠ್ಯಪುಸ್ತಕ, ಬಸ್ಸು–ಮೆಟ್ರೊ ಪಾಸು ಮತ್ತು ಆಗಾಗ ಭೇಟಿಯಾಗುವ ಸಲಹೆಗಾರರು ಸಿಗುತ್ತಾರೆ. ಎಂಡಿಆರ್‌ಸಿ ಸಂಸ್ಥೆ ಚೀಟಿ ಎತ್ತುವ ಕ್ರಮದಲ್ಲಿ ವಿದ್ಯಾರ್ಥಿಗಳನ್ನು ಎರಡು ಗುಂಪು ಮಾಡಿ ಹೋಲಿಸಿತು. ಮೂರು ವರ್ಷದಲ್ಲಿ ಕಾರ್ಯಕ್ರಮದವರು ಶೇ. 40, ಉಳಿದವರು ಶೇ. 22 ಪೂರೈಸಿದರು. ಆರು ವರ್ಷದ ಕೊನೆಗೆ ಅದು ಶೇ. 51 ಮತ್ತು ಶೇ. 41. ಓಹಾಯೊ ರಾಜ್ಯದ ಮೂರು ಕಾಲೇಜುಗಳಲ್ಲಿ ಇದೇ ಮಾದರಿಯನ್ನು ನಡೆಸಿದಾಗ ಮೂರು ವರ್ಷದ ಅಂಕಿ ಶೇ. 35 ಮತ್ತು ಶೇ. 19.

ನ್ಯೂಯಾರ್ಕಿನ ಅಂತರ 18ರಿಂದ 10ಕ್ಕೆ ಇಳಿದದ್ದನ್ನು ಸೋಲೆಂದು ಓದಬಾರದು. ಹೇಗಿದ್ದರೂ ಕೊನೆಗೆ ಮುಗಿಸುತ್ತಿದ್ದ ಕೆಲವರು ವರ್ಷಗಳ ಮೊದಲೇ ಮುಗಿಸಿದರು. ಆರು ವರ್ಷದಲ್ಲೂ ಮುಗಿಸಲಾರದಿದ್ದ ಇನ್ನು ಕೆಲವರು ಪದವಿ ಪಡೆದರು. ಮೂರು ವರ್ಷದ ಅಳತೆಯೊಂದೇ ಇದ್ದಿದ್ದರೆ ಈ ಎರಡು ಉಪಕಾರಗಳನ್ನು ಬೇರ್ಪಡಿಸಲು ಆಗುತ್ತಿರಲಿಲ್ಲ. ಅವಸರದ ಅಳತೆಗೆ ಇನ್ನೊಂದು ಅಪಾಯವೂ ಇದೆ: ಅನುದಾನ ವೇಗಕ್ಕೆ ಮಾತ್ರ ಅಂಟಿಕೊಂಡರೆ, ನಿಧಾನವಾಗಿ ಓದುವ ಬಡವರನ್ನು ಸೇರಿಸಿಕೊಳ್ಳುವುದೇ ಕಾಲೇಜಿಗೆ ನಷ್ಟವಾಗಿ ತೋರಬಹುದು. ಸರ್ಟಿಫಿಕೇಟುಗಳನ್ನು ಚಿಕ್ಕದು ಮಾಡಿ ಎಣಿಕೆ ಹೆಚ್ಚಿಸುವ ಆಸೆಯೂ ಹುಟ್ಟಬಹುದು. ಆದ್ದರಿಂದ ಅವಧಿಯ ಅಂಕಿಯನ್ನು ಎಷ್ಟು ಮಂದಿ ಪೂರೈಸಿದರು, ಏನನ್ನು ಪೂರೈಸಿದರು, ಯಾರು ಹಿಂದುಳಿದರು ಎಂಬ ಅಂಕಿಗಳ ಜೊತೆಯಲ್ಲೇ ಓದಬೇಕು.

ಭಾರತದ ಸಂದರ್ಭ

ಭಾರತದಲ್ಲಿ ಯುಜಿಸಿ 2013ರ ಸುಮಾರಿಗೆ ಸಮುದಾಯ ಕಾಲೇಜು ಯೋಜನೆಯನ್ನು ಜಾರಿಗೆ ತಂದಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ ಎಂಬ ಹಲವು ನಿರ್ಗಮನಗಳ ಕಲ್ಪನೆ ಮುಂದಿಟ್ಟಿತು. 2021ರ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್‌ಗಳನ್ನು ವರ್ಷಗಳ ಕಾಲ ಕಾಪಿಟ್ಟು, ಬಿಟ್ಟ ಓದನ್ನು ಮುಂದುವರಿಸಲು ಅವಕಾಶ ಕೊಡುತ್ತದೆ. ಕರ್ನಾಟಕ 2021–22ರಲ್ಲಿ ಈ ನೀತಿಯ ಪದವಿ ಕ್ರಮವನ್ನು ಎಲ್ಲರಿಗಿಂತ ಮೊದಲು ಅಳವಡಿಸಿಕೊಂಡು, 2024–25ರಲ್ಲಿ ಹಳೆಯ ಮೂರು ವರ್ಷದ ಪದವಿ ಕ್ರಮಕ್ಕೆ ಮರಳಿತು. ವಿದ್ಯಾರ್ಥಿ ನಡುವೆ ಹೊರಗೆ ಹೋಗಿ ಮತ್ತೆ ಬರಬಹುದಾದ ಕಡೆಯಲ್ಲೆಲ್ಲ ಅಮೆರಿಕದವರು ಮೂರು ದಶಕ ಎದುರಿಸಿದ ಪ್ರಶ್ನೆಗಳೇ ಏಳುತ್ತವೆ. ಸರ್ಟಿಫಿಕೇಟ್ ಹಿಡಿದು ಹೊರನಡೆದವರು ಪೂರೈಸಿದವರೋ ಬಿಟ್ಟವರೋ, ಮರಳಿ ಬಂದವರ ಕಾಲವನ್ನು ಎಲ್ಲಿಂದ ಎಣಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಬೇಕಾಗುತ್ತದೆ. ಪೂರ್ಣಾವಧಿಯವರಿಗಷ್ಟೇ ಹೊಂದುವ ಅಳತೆಯನ್ನು ಎಲ್ಲರಿಗೂ ಹಾಕಿ, ಅರೆಕಾಲಿಕರನ್ನು ಲೆಕ್ಕಕ್ಕೆ ತರಲು ಅಮೆರಿಕಕ್ಕೆ ಕಾಲು ಶತಮಾನ ಹಿಡಿಯಿತು. ಕ್ರೆಡಿಟ್ ಖಾತೆಗಳ ವ್ಯವಸ್ಥೆಯನ್ನು ಈಗಷ್ಟೇ ಕಟ್ಟುತ್ತಿರುವ ದೇಶಕ್ಕೆ, ದುಡಿಯುತ್ತ ಓದುವವರನ್ನೂ ಬಿಟ್ಟು ಮರಳಿದವರನ್ನೂ ಮೊದಲ ದಿನದಿಂದಲೇ ಎಣಿಸುವ ಅವಕಾಶ ಇನ್ನೂ ಇದೆ.